ಬೇಸ್‌ಮೆಂಟಿನ ಕಂಬ

ಹಳೆಯ ಬಡಾವಣೆಯ ನಡುವೆ ಹೊಸ ಅಪಾರ್ಟ್‌ಮೆಂಟ್ ಎದ್ದು, ಜನ ಆಗಲೇ ಬಂದು ಸೇರಿದ್ದರು. ಅಕ್ಕಪಕ್ಕದ ಮನೆಗಳ ಗೋಡೆ ಬಿರುಕು ಬಿಟ್ಟಿದ್ದರಿಂದ, ಕಟ್ಟಡವನ್ನು ಪರೀಕ್ಷಿಸಲು ಆ ಮನೆಯವರು ಎಂಜಿನಿಯರ್ ಚಿದಂಬರನನ್ನು ಕರೆಸಿದ್ದರು. ಅವನು ಬೇಸ್‌ಮೆಂಟಿನ ಕಂಬವೊಂದನ್ನು ಕೆರೆದು ನೋಡುತ್ತಿದ್ದಾಗ ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದರು. ಹಿಡಿದವನು ದೊರೆಸ್ವಾಮಿ, ಈ ಜಾಗದಲ್ಲಿದ್ದವರನ್ನೆಲ್ಲ ಬಿಲ್ಡರ್ ಪರವಾಗಿ ಹೊಡೆದು ಎಬ್ಬಿಸಿದವನು.

"ಏನ್ ಕಂಡೆ?"

"ಏನಿಲ್ಲ. ಬಿಲ್ಡಿಂಗ್ ಗಟ್ಟಿಯಾಗಿದೆ."

ಮುಖಕ್ಕೆ ಗುದ್ದು ಬಿತ್ತು. ತುಟಿ ಒಡೆದು ರಕ್ತ ಅಂಗಿಗೆ ಇಳಿಯಿತು.

"ಸರಿಯಾಗಿ ಹೇಳು."

ಇನ್ನಷ್ಟು ಹೊಗಳಬೇಕೇನೋ ಎಂದುಕೊಂಡ ಚಿದಂಬರ. "ನೂರು ವರ್ಷ ಅಲ್ಲಾಡಲ್ಲಣ್ಣ. ನನ್ನ ಕರೆಸಿದವರಿಗೂ ಹಾಗೇ ಹೇಳ್ತೀನಿ."

ದೊರೆಸ್ವಾಮಿ ಅವನನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದ. ಮೂಲೆಯಲ್ಲಿದ್ದ ಕಬ್ಬಿಣದ ಸರಳನ್ನೆತ್ತಿ ಮೊಣಕಾಲಿಗೆ ಬೀಸಿದ. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಸರಳು ಮತ್ತೆ ಮೇಲೆದ್ದಿತು, ಈ ಸಲ ತಲೆಯ ನೇರಕ್ಕೆ.

ಹೇಗೂ ಸಾಯುವುದೇ ಎನ್ನಿಸಿದಾಗ ಚಿದಂಬರನ ಹೆದರಿಕೆ ಹೋಯಿತು.

"ಕೊಲ್ಲು. ಈ ಕಂಬದಲ್ಲಿ ಸಿಮೆಂಟಿಗಿಂತ ಮಣ್ಣೇ ಜಾಸ್ತಿ. ಇವತ್ತೋ ನಾಳೆಯೋ ಇದು ಕುಸಿಯತ್ತೆ. ಹೋಗಿ ಹೇಳು ನಿನ್ನ ಯಜಮಾನನಿಗೆ."

ದೊರೆಸ್ವಾಮಿಯ ಕೈಯಿಂದ ಸರಳು ಜಾರಿತು. ಅವನು ಫೋನ್ ತೆಗೆದು ಒತ್ತಿದ.

"ಅವ್ವಾ, ಬೀಗ ಗೀಗ ಏನೂ ಹಾಕ್ಬೇಡ. ಮಕ್ಕಳನ್ನ ಎತ್ಕೊಂಡು ಮೆಟ್ಲಿಳಿದು ರೋಡಿಗೆ ಬಾ, ಈಗ್ಲೇ."