ಪಕ್ಕದೂರಿನ ದಪ್ಪ ಅಕ್ಷರ

ಸಂತೆಗೆಂದು ಪಕ್ಕದೂರಿಗೆ ಹೋದಾಗಲೆಲ್ಲ ಪೇಂಟರ್ ಫಕೀರಪ್ಪ ಬರೆದ ಬೋರ್ಡುಗಳನ್ನು ಕಂಡು ನನ್ನ ಹೊಟ್ಟೆ ಉರಿಯುತ್ತಿತ್ತು. ಹಳೇ ಕಾಲದ ಅಕ್ಷರ: ದಪ್ಪ ಮೈ, ಅಗಲ ತಲೆಕಟ್ಟು, ಕೂದಲೆಳೆಯಂಥ ಬಾಲ. ನಾನೂ ಪೇಂಟರನೇ.

ಒಂದು ದಿನ ಹೆಣ್ಣುಮಗಳೊಬ್ಬಳು ನನ್ನ ಅಂಗಡಿಗೆ ಬಂದಳು.

"ಫಕೀರಪ್ಪನವರ ಅಕ್ಷರದಾಗ ಒಂದು ಹೆಸರು ಬರದು ಕೊಡ್ರಿ ಕಾಕಾ."

"ಥೂ! ಕುಂಬಳಕಾಯಿಗೆ ಬಾಲ ಹಚ್ಚಿದಂಗ ಬರೀತಾನ ಅಂವ. ನಾ ಯಾಕ ಬರೀಲಿ? ಅವನ ಕಡೆನ ಹೋಗಿ ಬರಸು!"

"ಬರಿಯೋದು ಅವರದ ಹೆಸರು ರೀ. ಸಮಾಧಿ ಕಲ್ಲಿಗೆ. ನಾನು ಅವರ ಮಗಳು."

ನಾನು ಬ್ರಷ್ ಕೆಳಗಿಟ್ಟೆ. "ಅದಕ್ಕ ನನ್ನ ಕಡೆ ಯಾಕ ಬಂದಿ?"

"ಅಪ್ಪನೇ ಹೇಳಿ ಹೋಗ್ಯಾರ. 'ಸಂತಿಗೊಮ್ಮೆ ನನ್ನ ಬೋರ್ಡಿನ ಮುಂದ ನಿಂತು, ಗಾಳಿಯಾಗ ಬೆರಳಾಡಿಸಿ ಕಲ್ತಾನ. ಅವನ ಕಡೆನ ಬರಸು' ಅಂತ."