ನಿಂತ ಕಾರಿನ ವೇಗ

"ತೊಂಬತ್ತಾರು!" ಎಂದು ವಿನಯ್ ಕುಮಾರ್ ಕಾರಿಗೆ ವೈರು ಜೋಡಿಸಿದ್ದ ಲ್ಯಾಪ್‌ಟಾಪನ್ನು ಶಿವಲೀಲಾಳ ಮುಖಕ್ಕೆ ಹಿಡಿದ. "ನಿಂತಿರೋ ಕಾರು ತೊಂಬತ್ತಾರರ ಸ್ಪೀಡಲ್ಲಿ ಓಡ್ತೈತೆ ಅಂತ ತೋರಿಸ್ತೈತೆ. ಸೆನ್ಸರ್ ಹೋಗೈತೆ, ಬದಲಾಯಿಸಬೇಕು." ನ್ಯಾಮತಿಯಲ್ಲಿದ್ದ ಅವನ ಗ್ಯಾರೇಜಿನ ಮುಂದೆ ಅವಳ ಕಾರು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ತಿರುಗಿ ನೋಡಿದರೆ ತನ್ನ ಅಂತಸ್ತಿಗೆ ಕಡಿಮೆ ಎಂಬಂತೆ ಅವನು ಅದಕ್ಕೆ ಬೆನ್ನು ಹಾಕಿ ಕೂತಿದ್ದ.

"ಸುಟ್ಟ ವಾಸನೆ ಬರ್ತೈತೆ. ಬಾನೆಟ್ ತೆಗೆದು ನೋಡ್ರಿ."

"ಬಾನೆಟ್ ತೆಗೆಯೋ ಕಾಲ ಹೋಯ್ತು." ಒಂದನೇ ಕ್ಲಾಸಿನ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ. "ಕಾರಿನೊಳಗೆ ಓಡಾಡೋದು ಬರೀ ನಂಬರು. ಯಾವ ನಂಬರು ಸ್ಪೀಡು, ಯಾವುದು ಎಂಜಿನ್ ಬಿಸಿ ಅಂತ ಹೆಸರಿಡೋದು ಈ ಡಿಬಿಸಿ ಫೈಲು. ನಿಮಗೆ ಅರ್ಥ ಆಗಾಕಿಲ್ಲ ಬಿಡ್ರಿ."

"ಈ ಫೈಲು ನನ್ನ ಕಾರಿಂದೇನಾ?"

"ಬೇರೆ ಕಂಪನಿದು, ನೆಟ್‌ನಲ್ಲಿ ಸಿಕ್ತು. ಕಾರು ಅಂದಮೇಲೆ ಎಲ್ಲಾ ಒಂದೇ ಅಲ್ಲೇನ್ರಿ?"

ಒಡೆದ ಹಾಲನ್ನು ನೋಡುವಂತೆ ಅವಳು ಅವನನ್ನು ನೋಡಿದಳು. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಅವನು ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. "ನೂರಾ ಹದಿನೆಂಟು! ಸ್ಪೀಡು ಇನ್ನೂ ಏರ್ತಾನೇ ಐತೆ!"

ಶಿವಲೀಲಾ ಓಡಿಹೋಗಿ ಎಂಜಿನ್ ನಿಲ್ಲಿಸಿದಳು. ವಾಪಸು ಬಂದು ಕಾರಿನ ಕೀಯನ್ನು ಅವನ ಕೀಬೋರ್ಡಿನ ಮೇಲೆ ಕುಕ್ಕಿದಳು.

"ಎಂಜಿನ್ ಕುದೀತಿತ್ತು. ನಿಮ್ಮ ಫೈಲು ಆ ಬಿಸಿಗೇ ಸ್ಪೀಡು ಅಂತ ಹೆಸರಿಟ್ಟೈತೆ. ಈಗ ಬ್ರೇಕ್ ಹಾಕಿ ಬಂದೀನಿ, ಎಷ್ಟಕ್ಕೆ ಇಳೀತು ನೋಡಿ ಹೇಳ್ರಿ."

ವಿನಯ್ ಕುಮಾರ್ ನಿಜವಾಗಿಯೂ ಬಗ್ಗಿ ನೋಡಿದ.