ಮುದ್ರೆಯಿಲ್ಲದ ಕುಕ್ಕರ್

ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ರೆಹಾನಾಳ ಅಂಗೈ ಇದ್ದಕ್ಕಿದ್ದಂತೆ ಕೆಂಪಾಗಿ ಬೊಬ್ಬೆಯೆದ್ದಿತು. ಅವಳು ಮುದ್ರೆಯೊತ್ತಿ ಪಾಸು ಮಾಡಿದ ಕುಕ್ಕರೊಂದು ಎಲ್ಲೋ ಸಿಡಿದಿತ್ತು. ಗಾಯಾಳುವಿನ ಉರಿ ಅರ್ಧ ಇಳಿದು ಮುದ್ರೆಯೊತ್ತಿದವರ ಮೈಗೆ ಏರುವುದು ಕಾಯ್ದೆ. ಯಾರೂ ಗಾಬರಿಯಾಗಲಿಲ್ಲ, ಒಬ್ಬಳು ಮುಲಾಮು ತಂದಳು.

ಅಷ್ಟರಲ್ಲಿ ಪಕ್ಕದ ಮೇಜಿನ ಸುವರ್ಣಾಳಿಗೆ ಫೋನು ಬಂತು. ನೆರೆಮನೆಯ ಕಾಶವ್ವ.

"ಲಗೂನ ದವಾಖಾನಿಗೆ ಬಾ. ಕುಕ್ಕರ್ ಸಿಡಿದು ನಿಮ್ಮವ್ವನ ಕೈ ಸುಟ್ಟಾವು."

ಸುವರ್ಣಾ ತನ್ನ ಕೈ ನೋಡಿಕೊಂಡಳು. ಒಂದು ಕಲೆಯೂ ಇರಲಿಲ್ಲ. ಅವ್ವನ ಆ ಕುಕ್ಕರನ್ನು ಅವಳೇ ನಪಾಸು ಮಾಡಿದ್ದಳು. ನಪಾಸಾದ ಮಾಲನ್ನು ಕೆಲಸದವರು ಮನೆಗೆ ಒಯ್ಯುವುದು ಅಲ್ಲಿಯ ವಾಡಿಕೆ. "ರಬ್ಬರ್ ಬದಲಿ ಮಾಡಿದ್ರ ನಡೀತದವ್ವಾ" ಎಂದಿದ್ದವಳೂ ಅವಳೇ. ಮುದ್ರೆಯಿಲ್ಲದ್ದಕ್ಕೆ ಹೊಣೆಗಾರರಿಲ್ಲ, ಅವ್ವನ ಉರಿಯೆಲ್ಲ ಅವ್ವನದೇ.

ಅವಳು ಮುದ್ರೆಯನ್ನು ಮುಷ್ಟಿಯಲ್ಲಿ ಹಿಡಿದೇ ಓಡಿದಳು.

ಆಸ್ಪತ್ರೆಯಲ್ಲಿ ಅವ್ವ ಚೀರುತ್ತಿದ್ದಳು. ಕಾಶವ್ವ ಚೀಲದಲ್ಲಿ ತಂದಿದ್ದ ಕುಕ್ಕರಿನ ಸೊಟ್ಟ ಮುಚ್ಚಳವನ್ನು ಸುವರ್ಣಾ ಕಸಿದುಕೊಂಡಳು.

"ಬ್ಯಾಡ ನನ್ನವ್ವಾ," ಎಂದಳು ಅವ್ವ. "ದುಡಿಯೋ ಕೈ ಅದು."

ಸುವರ್ಣಾ ಮುಚ್ಚಳದ ಮೇಲೆ ಮುದ್ರೆಯೊತ್ತಿದಳು. ಮುದ್ರೆ ಕೈಯಿಂದ ಜಾರಿ ಬಿತ್ತು.

ಅವ್ವ ಚೀರುವುದನ್ನು ನಿಲ್ಲಿಸಿ, ಮಗಳ ಅಂಗೈಯತ್ತ ಬಾಗಿ, ಉಫ್ ಉಫ್ ಎಂದು ಊದತೊಡಗಿದಳು.